ಬೆನ್ನ ಹಿಂದಿನ ದನಿ

"ಬಳೆ, ಮಳೆ," ಎಂದಳು ಶೈಸ್ತಾ, ಬಾಯಿಗೆ ರಟ್ಟು ಅಡ್ಡ ಹಿಡಿದುಕೊಂಡು.

ಎದುರಿಗೆ ಚಾಪೆಯ ಮೇಲೆ ಅವಳ ಐದು ವರ್ಷದ ಮಗಳು ಮಹೀನ್ ಕೈಯಲ್ಲೊಂದು ರೇಷ್ಮೆಗೂಡು ಹಿಡಿದು ಕೂತಿದ್ದಳು. ಎರಡು ಪದ ಕೊನೆಯಲ್ಲಿ ಒಂದೇ ಥರ ಕೇಳಿಸಿದರೆ 'ಜೋಡಿ' ಎಂದು ಗೂಡನ್ನು ಬಟ್ಟಲಿಗೆ ಹಾಕಬೇಕು. ಇಲ್ಲದಿದ್ದರೆ 'ಬೇರೆ' ಎಂದು ಕೈಯಲ್ಲೇ ಇಟ್ಟುಕೊಳ್ಳಬೇಕು. ಆಟವೇನೂ ಹೊಸದಲ್ಲ. ನಿನ್ನೆಯವರೆಗೂ ಪಟಪಟನೆ ಹೇಳುತ್ತಿದ್ದವಳು ಇವತ್ತು ಗೂಡನ್ನು ಮುಷ್ಟಿಯಲ್ಲಿ ಬಿಗಿಹಿಡಿದು ತಾಯಿಯ ಹೆಗಲಾಚೆ ನೋಡುತ್ತಿದ್ದಳು.

"ಇಲ್ಲಿ ಕೇಳಮ್ಮ. ಬಳೆ, ಮಳೆ. ಜೋಡೀನಾ, ಬೇರೇನಾ?"

"ಬೇರೆ," ಎಂದಳು ಮಹೀನ್, ಹೆದರಿಕೊಂಡೇ.

ಶೈಸ್ತಾ ರಟ್ಟನ್ನು ಕೆಳಗಿಟ್ಟಳು. ಬೆಳಗಿನಿಂದ ನಿಂತೇ ಇದ್ದ ಕಾಲು ಸೇದುತ್ತಿತ್ತು. ಮನೆಯ ಹಿಂದಿನ ಶೆಡ್ಡಿನಲ್ಲಿ ಅವಳ ಗಂಡ ಆತಿಫ್ ನೂಲು ತೆಗೆಸುತ್ತಾನೆ. ಯಂತ್ರಗಳ ಸದ್ದಿನಲ್ಲಿ ದೊಡ್ಡವರಿಗೇ ಮಾತು ಕೇಳಿಸುವುದಿಲ್ಲ, ಇನ್ನು ಕಿವಿಯ ಹಿಂದೆ ಮಿಷನ್ ಕಟ್ಟಿಕೊಂಡ ಮಗುವಿಗೆ ಏನು ಕೇಳಿಸೀತು? ಸಂಜೆ ಆಳುಗಳು ಟೀಗೆ ಹೋದಾಗ ಸಿಗುವ ಚೂರು ನಿಶ್ಶಬ್ದದಲ್ಲಿ ಅವಳ ಪಾಠ ನಡೆಯಬೇಕು. ಆ ಹೊತ್ತಿಗೆ ಕಲಿಸುವವಳಲ್ಲಿ ತ್ರಾಣ ಉಳಿದಿರುವುದಿಲ್ಲ.

ಮಹೀನ್‌ಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಮೂರು ವರ್ಷಕ್ಕೆ ಆಪರೇಷನ್ ಆಗಿ ಕಿವಿಗೆ ಈ ಮಿಷನ್ ಬಂತು. ಆಮೇಲೆ ಚಿಕ್ಕಬಳ್ಳಾಪುರದಲ್ಲಿ ಇಂಥ ಮಕ್ಕಳಿಗೆ ಮಾತು ಕಲಿಸುವ ತನುಜ ಮೇಡಂ ಹತ್ತಿರ ವಾರ ವಾರ ಓಡಾಟ. "ತುಟಿ ನೋಡಿ ಹೇಳ್ಬಾರ್ದು, ಕಿವೀಲೇ ಕೇಳಿ ಹೇಳ್ಬೇಕು," ಎಂದು ರಟ್ಟು ಹಿಡಿಯಲು ಹೇಳಿದವರು ಅವರೇ. ಮೊದಲು ಒಂದು ಭಾಷೆ ಗಟ್ಟಿಯಾಗಲಿ ಎಂದವರೂ ಅವರೇ. ಶಿಡ್ಲಘಟ್ಟದ ಈ ಬೀದಿಗೆ ಹತ್ತಿರದ ಶಾಲೆ ಕನ್ನಡದ್ದು. ಹಾಗಾಗಿ ಉರ್ದು ಬಿಟ್ಟು ಬೇರೆ ಮಾತೇ ಇಲ್ಲದ ಮನೆಯಲ್ಲಿ ಮಗುವಿನ ಎದುರು ಕನ್ನಡವೇ ಆಯಿತು. ಪದಗಳ ಜೋಡಿ ಗುರುತಿಸಲು ಬಂದರೆ ಈ ವರ್ಷ ಎಲ್ಲರ ಹಾಗೆ ಒಂದನೇ ಕ್ಲಾಸಿಗೆ ಸೇರಿಸಬಹುದು ಎಂದು ಮೇಡಂ ಬರೆದುಕೊಡುತ್ತೇನೆಂದಿದ್ದರು. ಶೈಸ್ತಾ ಕಳಿಸಿದ ವಿಡಿಯೋಗಳನ್ನು ನೋಡಿ ಅವರಿಗೂ ಖುಷಿಯಾಗಿತ್ತು. ನಾಡಿದ್ದು ಕರೆದುಕೊಂಡು ಹೋಗಬೇಕಿತ್ತು.

ಅಷ್ಟರಲ್ಲಿ ಅತ್ತೆ ವಜೀರುನ್ನೀಸಾ ನಮಾಜು ಮುಗಿಸಿ ಒಳಕೋಣೆಯಿಂದ ಬಂದು ಶೈಸ್ತಾಳ ಹಿಂದಿನ ಮಂಚದ ಮೇಲೆ, ದಿನಾ ಕೂರುವ ಜಾಗದಲ್ಲೇ ಕೂತರು. ಮಹೀನಳ ಮುಖ ಅರಳಿತು.

"ಕಣ್ಣು, ಹಣ್ಣು."

"ಜೋಡಿ!" ಗೂಡು ಬಟ್ಟಲಿಗೆ ಬಿತ್ತು.

"ಸರ, ಗೋಡೆ."

"ಬೇರೆ!"

ಮಗಳ ಕಣ್ಣು ತನ್ನ ಹೆಗಲಾಚೆಯೇ ಇರುವುದನ್ನು ಶೈಸ್ತಾ ಈಗ ಗಮನಿಸಿದಳು. "ಬಳೆ, ಮಳೆ," ಎಂದವಳೇ ಥಟ್ಟನೆ ಹಿಂತಿರುಗಿ ನೋಡಿದಳು. ಅತ್ತೆ ಹೌದೆಂದು ತಲೆಯಾಡಿಸುತ್ತಿದ್ದರು. ಸೊಸೆ ನೋಡಿದ್ದೇ ತಡ, ತಲೆ ಅರ್ಧಕ್ಕೇ ನಿಂತುಬಿಟ್ಟಿತು.

ಶೈಸ್ತಾಗೆ ಸಿಟ್ಟು ಬಂತು. ಆದರೆ ಈ ಮನೆಯಲ್ಲಿ ಜಗಳವಾಡಲೂ ಮಗುವಿನ ಎದುರಿನಿಂದ ಎದ್ದು ಹೋಗಬೇಕು, ಏಕೆಂದರೆ ಸಿಟ್ಟು ಬರುವುದು ಉರ್ದುವಿನಲ್ಲಿ. ಇಬ್ಬರೂ ಅಡುಗೆಮನೆಗೆ ಹೋದರು.

"ಎಷ್ಟು ದಿನದಿಂದ ಹಿಂಗೆ ಮಾಡ್ತಿದೀರ, ಅಮ್ಮಿ?" ಶೈಸ್ತಾ ತಮ್ಮ ಮಾತಿನಲ್ಲೇ ಕೇಳಿದಳು.

"ರಂಜಾನ್ ಮುಗಿದಾಗಿನಿಂದ."

ವಿಡಿಯೋಗಳೆಲ್ಲ ಅದರ ಈಚಿನವೇ. ಶೈಸ್ತಾ ಗೋಡೆಗೆ ಒರಗಿದಳು. "ನಾನು ಅವ್ಳಿಗೆ ಕೇಳಿಸ್ತಿದೆ ಅನ್ಕೊಂಡಿದ್ನಲ್ಲಾ. ದಿನಾ ಅಲ್ಲಾಹ್‌ಗೆ ಶುಕ್ರ್ ಹೇಳ್ತಿದ್ದೆ. ಯಾಕೆ ಹಿಂಗ್ ಮಾಡಿದ್ರಿ?"

ವಜೀರುನ್ನೀಸಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ತಪ್ಪು ಹೇಳಿದ್ರೆ ಮಗು ಮುಖ ಸಣ್ಣದಾಗ್ತಿತ್ತು. ನೀನೂ ಸೋತು ಸುಣ್ಣವಾಗಿರ್ತಿದ್ದೆ. ನೋಡಕ್ಕಾಗ್ಲಿಲ್ಲ. ನನ್ನ ಕೈಲಿ ಇನ್ನೇನಾಗುತ್ತೆ ಬೇಟಿ? ಮಾತಂತೂ ಆಡಂಗಿಲ್ಲ."

ದೂರಿನ ದನಿಯಲ್ಲೇನೂ ಹೇಳಲಿಲ್ಲ. ಆಪರೇಷನ್ ಆದ ಹೊಸತರಲ್ಲಿ, "ನಿಮ್ಗೆ ಕನ್ನಡ ಸರಿಯಾಗಿ ಬರಲ್ಲ ಅಮ್ಮಿ, ಮಗು ಹತ್ರ ಮಾತಾಡ್ಬೇಡಿ, ಅದಕ್ಕೆ ಗಲಿಬಿಲಿ ಆಗುತ್ತೆ," ಎಂದಿದ್ದವಳು ಶೈಸ್ತಾಳೇ. ಎಲ್ಲಿಯವರೆಗೆ ಎಂದು ಆ ಮುದುಕಿ ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ. ಅಂದಿನಿಂದ ಮೊಮ್ಮಗಳಿಗೆ ತಲೆ ಬಾಚಿದ್ದು, ಉಣಿಸಿದ್ದು, ತಟ್ಟಿ ಮಲಗಿಸಿದ್ದು ಎಲ್ಲ ಬಾಯಿಗೆ ಬೀಗ ಹಾಕಿಕೊಂಡೇ.

ಶೈಸ್ತಾ ಫೋನು ಕೈಗೆತ್ತಿಕೊಂಡಳು. ವಿಡಿಯೋ ನಂಬಿಯೇ ಮೇಡಂ ಬರೆದುಕೊಟ್ಟರೂ ಕೊಟ್ಟಾರು, ಸುಮ್ಮನಿದ್ದುಬಿಡೋಣ ಎಂದೂ ಒಂದು ಗಳಿಗೆ ಅನ್ನಿಸಿತು. ಆದರೆ ಕೇಳಿಸದ ಮಗುವನ್ನು ಅಷ್ಟು ಮಕ್ಕಳ ಗದ್ದಲದ ನಡುವೆ ಕೂರಿಸಿ ಬರುವುದನ್ನು ನೆನೆದು ನಂಬರ್ ಒತ್ತಿದಳು.

"ಮೇಡಂ, ನಾನು ಕಳಿಸಿದ ವಿಡಿಯೋ ಯಾವ್ದೂ ನಂಬ್ಬೇಡಿ. ಅವ್ಳು ಕೇಳಿ ಹೇಳಿದ್ದಲ್ಲ. ಹಿಂದುಗಡೆಯಿಂದ ನಮ್ಮತ್ತೆ ತಲೆಯಾಡಿಸ್ತಿದ್ರು, ನೋಡಿ ಹೇಳಿದ್ದು."

"ಹಂಗಾದ್ರೆ ಈ ವರ್ಷ ಬರ್ಕೊಡಕ್ಕಾಗಲ್ಲಮ್ಮ."

"ಗೊತ್ತು ಮೇಡಂ."

"ಮತ್ತೆ ಮೊದ್ಲಿಂದ ಶುರು ಮಾಡಣ, ಬಿಡಿ. ಮನೇಲಿ ಅವ್ಳ ಹತ್ರ ಯಾರ್ಯಾರು ಮಾತಾಡ್ತೀರ?"

"ನಾನು. ಪುರಸೊತ್ತಾದಾಗ ಅವರಪ್ಪ."

"ಅಜ್ಜಿ?"

ಶೈಸ್ತಾ ಅತ್ತೆಯ ಕಡೆ ನೋಡಿದಳು. ಆಮೇಲೆ ಮಾಡ್ತೀನಿ ಮೇಡಂ ಎಂದು ಫೋನಿಟ್ಟಳು. ಆತಿಫ್‌ಗೆ ಹೇಗೆ ಹೇಳುವುದು? ಮಗಳು ಸ್ಕೂಲಿಗೆ ಹೋಗುತ್ತಾಳೆಂದು ಅವನು ಗೂಡಿನ ಮಾರುಕಟ್ಟೆಯಲ್ಲೆಲ್ಲ ಸಾರಿಕೊಂಡು ಬಂದಿದ್ದ.

ಆಳುಗಳು ಇನ್ನೂ ಬಂದಿರಲಿಲ್ಲ. ಶೈಸ್ತಾ ಅತ್ತೆಯ ಕೈಹಿಡಿದು ಹೊರಗೆ ಕರೆತಂದು, ಮಹೀನಳ ಬೆನ್ನ ಹಿಂದೆ ಚಾಪೆಯ ಮೇಲೆ ಕೂರಿಸಿ, ತಾನು ಮಗುವಿನ ಎದುರು ಕೂತಳು.

"ಈಗ ನೀವು ಹೇಳಿ, ಅಮ್ಮಿ."

ವಜೀರುನ್ನೀಸಾ ಗಾಬರಿಯಾದರು. ನನ್ನ ಕನ್ನಡವೇ ಎಂಬಂತೆ ತುಟಿಯ ಮೇಲೆ ಬೆರಳಿಟ್ಟುಕೊಂಡರು.

"ಬಳೆ, ಮಳೆ ಬರುತ್ತಲ್ಲ? ಅಷ್ಟು ಸಾಕು. ಹೇಳಿ."

ಮುದುಕಿ ಗಂಟಲು ಸರಿಮಾಡಿಕೊಂಡರು. "ಬಳೆ," ಎಂದರು. "ಮಳೆ."

ಬಟ್ಟಲಿನ ಕಡೆ ಹೋಗುತ್ತಿದ್ದ ಪುಟ್ಟ ಕೈ ನಿಂತಿತು. ಮಹೀನ್ ತಾಯಿಯ ತುಟಿ ನೋಡಿದಳು. ಅದು ಮುಚ್ಚಿತ್ತು. ಬೀದಿಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ತಾಯಿಯ ಮೊಣಕಾಲು ಹಿಡಿದು ಜಗ್ಗಿದಳು.

"ಅಮ್ಮ, ಯಾರು ಬಂದ್ರು?"

ಅವಳ ಬೆನ್ನ ಹಿಂದೆ ವಜೀರುನ್ನೀಸಾ, ಇನ್ನೊಂದು ಜೋಡಿ ಹೇಳಲೆಂದು ತೆರೆದ ಬಾಯನ್ನು ಮುಚ್ಚದೆ ಹಾಗೇ ಕೂತಿದ್ದರು.