ರೆಪ್ಪೆ ಬಡಿಯದ ಆಪರೇಟರ್

ಟೆಂಟ್ ಸಿನಿಮಾದ ಕ್ಯಾಬಿನ್ನಿನ ತಗಡಿನ ಗೋಡೆಯ ಮೇಲೆ ಹೊರಗಿನಿಂದ ಟಕ್ ಟಕ್ ಸದ್ದಾಯಿತು. ಆಪರೇಟರ್ ಜವರಪ್ಪ ಆಗಷ್ಟೇ ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಟವಲು ತೆಗೆದು ಕಿಂಡಿಯಲ್ಲಿ ಇಣುಕುವಷ್ಟರಲ್ಲಿ ಪರದೆಯ ಮೇಲಿನ ರಾಜನ ಮುಖ ಹಳದಿಯಾಗಿ, ಬೂದಿ ಬಣ್ಣಕ್ಕೆ ತಿರುಗಿ, ಕಿರೀಟ ಸಮೇತ ಕತ್ತಲಲ್ಲಿ ಮುಳುಗಿತು.

"ಲೋ ಜವರಣ್ಣ, ರಾಜನ್ನ ಎಲ್ಲಿ ಬಚ್ಚಿಟ್ಟೆಯೋ?" ನೆಲದ ಟಿಕೆಟಿನವರ ಕಡೆಯಿಂದ ಕೂಗು ಬಂತು.

"ರಾಣಿ ಒಬ್ಳೇ ಅವ್ಳೆ, ಬೇಗ ದೀಪ ಹಚ್ಚೋ!"

ಸಂತೆಯ ದಿನವಾದ್ದರಿಂದ ಶನಿವಾರಸಂತೆಯ ಟೆಂಟು ತುಂಬಿ ತುಳುಕುತ್ತಿತ್ತು. ಶಿಳ್ಳೆಗಳ ನಡುವೆ ಜವರಪ್ಪ ಪ್ರೊಜೆಕ್ಟರಿನ ದೀಪದ ಎರಡು ಕಾರ್ಬನ್ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಮತ್ತೆ ಬೆಳಕು ಹೊತ್ತಿಸಿದ. ಆ ಕಡ್ಡಿಗಳು ಉರಿಯುತ್ತಾ ಸವೆಯುತ್ತವೆ. ಸವೆದಷ್ಟೂ ಅವುಗಳ ನಡುವೆ ಅಂತರ ಹೆಚ್ಚುತ್ತದೆ. ಆಗಾಗ ತಿರುಪು ತಿರುಗಿಸಿ ಹತ್ತಿರಕ್ಕೆ ತರದಿದ್ದರೆ ಬೆಳಕು ಸತ್ತೇಹೋಗುತ್ತದೆ. ಅದಕ್ಕಾಗಿ ಪರದೆಯ ಮೇಲಿಂದ ಕಣ್ಣು ಕೀಳುವಂತಿಲ್ಲ. 'ನೀನು ರೆಪ್ಪೆ ಬಡಿದ್ರೆ ಪಿಚ್ಚರು ರೆಪ್ಪೆ ಬಡಿಯುತ್ತೆ' ಎಂದು ಅವನಿಗೆ ಕೆಲಸ ಕಲಿಸಿದ ಹಳೆಯ ಆಪರೇಟರ್ ಹೇಳಿದ್ದ. ಬೇರೆಯವರಾಗಿದ್ದರೆ ಅದನ್ನು ಕೇಳಿ ನಕ್ಕು ಸುಮ್ಮನಾಗುತ್ತಿದ್ದರೇನೋ. ಜವರಪ್ಪ ಮಾತ್ರ ಅದನ್ನು ವ್ರತದ ಹಾಗೆ ಪಾಲಿಸಿಕೊಂಡು ಬಂದಿದ್ದ.

ಆಟ ಬಿಟ್ಟ ಮೇಲೆ ಟೆಂಟಿನ ಮಾಲೀಕ ಉತ್ತಯ್ಯ ಕ್ಯಾಬಿನ್ನಿಗೆ ಬಂದವನೇ, "ಎಲ್ಲಿ, ಬಾಯಿ ಊದು" ಎಂದ.

ಜವರಪ್ಪ ಊದಿದ.

"ಕಾಫಿ ವಾಸನೆ. ಮತ್ತೆ ಕಣ್ಣು ಯಾಕೆ ಮಾರಾಯ ಹಂಡೆ ಹೆಂಡ ಕುಡಿದವನ ಹಾಗೆ ಉಂಟು?"

"ಧೂಳು ಸಾವ್ಕಾರ್ರೇ."

"ತಿಂಗಳಿಂದ ಧೂಳಾ? ನೋಡು, ಮಳೆ ಕಳೆದ ಮೇಲೆ ಸೋಮವಾರಪೇಟೆಯಲ್ಲಿ ನಮ್ಮ ಟಾಕೀಸಿನ ಕಲ್ಲಿನ ಕಟ್ಟಡ ಎದ್ದು ನಿಲ್ತದೆ. ಹೊಸ ಮೆಷಿನು, ಆಪರೇಟರಿಗೆ ಮನೆ. ನಿನಗೇ ಅಂತ ಇಟ್ಟಿದ್ದೆ. ಕಣ್ಣು ಕಾಣದವನಿಗೆ ನಾನು ಮೆಷಿನ್ ಕೊಡ್ಲಿಕ್ಕೆ ಆಗ್ತದಾ? ಬರೋ ಶನಿವಾರ ನಾನೇ ಇಲ್ಲಿ ನಿಂತು ನೋಡ್ತೇನೆ."

ಕಣ್ಣು ಕಾಣದವನು ಎಂಬ ಮಾತು ಬೆಳಗಾದರೂ ಜವರಪ್ಪನ ಕಿವಿಯಲ್ಲೇ ಇತ್ತು. ಅವನ ಅಪ್ಪನಿಗೆ ಪೊರೆ ಬಂದು ಎರಡೂ ಕಣ್ಣು ಹೋಗಿದ್ದವು.

ಬೆಳಿಗ್ಗೆ ಟೆಂಟಿನ ಹಿಂದಿನ ಗುಡಿಸಲಿನಲ್ಲಿ ಅವನು ಬಟ್ಟೆಯ ಉಂಡೆಯನ್ನು ಕೆಂಡದ ಮೇಲೆ ಕಾಯಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಾ ಕುಳಿತಿದ್ದ. ನೀರು ಸೋರುವ ಕಣ್ಣನ್ನು ಒಣಗಿಸಬೇಕು ಎಂಬುದು ಅವನ ಲೆಕ್ಕ. ಕ್ಯಾಬಿನ್ನಿನ ಸೆಕೆಗೆಂದು ಇಟ್ಟಿದ್ದ ಪುಟ್ಟ ಫ್ಯಾನನ್ನೂ ಈಚೆಗೆ ನೇರವಾಗಿ ಮುಖಕ್ಕೆ ತಿರುಗಿಸಿಕೊಂಡಿದ್ದ. ಮುಖ ತೊಳೆಯುವಾಗಲೂ ಕಣ್ಣಿಗೆ ನೀರು ಸೋಕಿಸುತ್ತಿರಲಿಲ್ಲ.

"ಇನ್ನೂ ಮರಳು ಹಾಕ್ದಂಗೆ ಐತಾ?" ಹೆಂಡತಿ ಹೊನ್ನಮ್ಮ ಕೇಳಿದಳು. ಟೆಂಟಿನ ಹೆಂಗಸರ ಗೇಟಿನಲ್ಲಿ ಟಿಕೆಟ್ ಹರಿಯುವವಳು ಅವಳೇ.

"ಹೂಂ."

"ನಿಮ್ಮ ಕಣ್ಣೀರು ನೋಡಿ ಹೆಂಗಸ್ರೆಲ್ಲ ಏನಂತಾರೆ ಗೊತ್ತಾ? ಪಿಚ್ಚರಲ್ಲಿ ತಾಯಿ ಸತ್ರೂ ಅಳ್ತಾರೆ, ಮದುವೆ ಆದ್ರೂ ಅಳ್ತಾರೆ, ಎಂಥಾ ಕರುಣೆ ಇರೋ ಗಂಡನ್ನ ಕಟ್ಕೊಂಡಿದೀಯೇ ಹೊನ್ನಿ ಅಂತಾರೆ."

ಅವನಿಗೆ ನಗು ಬರಲಿಲ್ಲ. "ಅಪ್ಪಂದೂ ಹಿಂಗೇ ಶುರುವಾಗಿದ್ದೇನೋ. ಆಸ್ಪತ್ರೆಗೆ ಹೋದ್ರೆ ಪೊರೆ ಅಂತ ಬರ್ದುಬಿಡ್ತಾರೆ. ಆಮೇಲೆ ಯಾರು ಕೆಲಸ ಕೊಡ್ತಾರೆ?"

"ಬರೀಲಿ. ಬರೀದೆ ಇದ್ರೆ ಕಣ್ಣು ಉಳಿಯುತ್ತಾ? ನಾಳೆ ಮಡಿಕೇರಿ ಬಸ್ಸಿಗೆ ಹೊರಡಿ. ನಾನೂ ಬರ್ತೀನಿ, ಇಲ್ದಿದ್ರೆ ನೀವು ಹೆದ್ರಿ ಅರ್ಧದಾರೀಲಿ ಸೋಮವಾರಪೇಟೇಲೇ ಇಳ್ಕೊಂಡ್ಬಿಡ್ತೀರಿ."

ಮಡಿಕೇರಿ ಆಸ್ಪತ್ರೆಯ ಬೋರ್ಡಿನ ಮೇಲೆ 'ಮೈಸೂರು ಸರ್ಕಾರ' ಎಂದು ಬರೆದ ಬಣ್ಣ ಇನ್ನೂ ಹೊಸದಾಗಿತ್ತು. ಅದರಡಿಯಲ್ಲಿ 'ಕೊಡಗು' ಎಂಬ, ಅದು ಬೇರೆ ರಾಜ್ಯವಾಗಿದ್ದ ಕಾಲದ ಹಳೆಯ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಮಸುಕಾದ ಅಕ್ಷರವೂ ಓದಲು ಬರುತ್ತದಲ್ಲ ಎಂದು ಜವರಪ್ಪ ಒಳಗೊಳಗೇ ಸಮಾಧಾನ ಮಾಡಿಕೊಂಡ.

ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿದರು. ಆಮೇಲೆ ಸಪೂರವಾದ ಕಾಗದದ ಪಟ್ಟಿಯೊಂದರ ತುದಿಯನ್ನು ಅವನ ಕೆಳರೆಪ್ಪೆಯೊಳಗೆ ಸಿಕ್ಕಿಸಿ, ಕಣ್ಣು ಮುಚ್ಚಿ ಕೂರಲು ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಪಟ್ಟಿ ತೆಗೆದು ಬೆಳಕಿಗೆ ಹಿಡಿದರು. ತುದಿಯಷ್ಟೇ ನೆನೆದಿತ್ತು.

"ಪೊರೆ ಇಲ್ಲ. ನಿಮ್ಮ ಕಣ್ಣು ಒಣಗಿದೆ."

"ಒಣಗಿರೋದಾ? ದಿನಾ ಟವಲು ಒದ್ದೆ ಆಗುತ್ತೆ ಡಾಕ್ಟ್ರಮ್ಮ!"

"ಒಣಗಿ ಉರಿಯೋದಕ್ಕೇ ಆ ನೀರು. ಹೊಗೆ ತಾಗಿದಾಗ ಬರೋ ಥರ ಒಮ್ಮೆಗೇ ಸುರಿದು ಹೋಗುತ್ತೆ, ನಿಲ್ಲೋದಿಲ್ಲ. ಕಣ್ಣಿನ ಮೇಲೆ ತೆಳ್ಳಗೆ ಹರಡಿಕೊಂಡಿರೋ ನೀರೇ ಬೇರೆ. ಅದನ್ನ ಹರಡೋದು ರೆಪ್ಪೆ. ಏನು ಕೆಲಸ ನಿಮ್ಮದು?"

ಜವರಪ್ಪ ಹೇಳಿದ. ರೆಪ್ಪೆ ಬಡಿಯಬಾರದೆಂಬ ಗುರುವಿನ ಮಾತನ್ನೂ ಹೇಳಿದ. ಫ್ಯಾನಿನ ವಿಷಯ, ಕೆಂಡದ ಶಾಖದ ವಿಷಯವನ್ನು ಹೊನ್ನಮ್ಮ ಸೇರಿಸಿದಳು.

ಡಾಕ್ಟರಮ್ಮ ಅವನನ್ನೇ ನೋಡುತ್ತಾ, "ನನ್ನ ಜೊತೆ ಇಷ್ಟು ಮಾತಾಡಿದಿರಿ, ಎಷ್ಟು ಸಲ ರೆಪ್ಪೆ ಬಡಿದಿರಿ ಗೊತ್ತಾ? ಇಲ್ಲವೇ ಇಲ್ಲ ಅನ್ನಬೇಕು" ಎಂದರು.

"ಅಂದ್ರೆ ನೆಲ ಸಾರಿಸ್ದಂಗೆ," ಹೊನ್ನಮ್ಮ ಮೆಲ್ಲಗೆ ಅಂದಳು. "ದಿನಾ ಸಗಣಿ ಸಾರಿಸ್ದಿದ್ರೆ ನೆಲ ಬಿರಿಯುತ್ತೆ. ಬಿರಿದ ಮೇಲೆ ಕೊಡ ನೀರು ಸುರಿದ್ರೂ ಹರ್ಕೊಂಡು ಹೋಗುತ್ತೆ, ಅಷ್ಟೇ."

"ಸರಿಯಾಗಿ ಹೇಳಿದ್ರಿ. ಆ ಸಾರಿಸೋ ಕೈಯನ್ನೇ ಇವರು ಕಟ್ಟಿಹಾಕಿದ್ದಾರೆ." ಡಾಕ್ಟರಮ್ಮ ನಕ್ಕರು. ಫ್ಯಾನು ಗೋಡೆಗೆ ತಿರುಗಿಸಬೇಕು, ಕೆಂಡ ಬಿಟ್ಟು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡಬೇಕು, ರೀಲು ಬದಲಾಯಿಸಿದ ಮೇಲೆಲ್ಲ ಸ್ವಲ್ಪ ಹೊತ್ತು ಕಣ್ಣು ಮುಚ್ಚಬೇಕು, ನಡುನಡುವೆ ಬೇಕೆಂದೇ ರೆಪ್ಪೆ ಬಡಿಯಬೇಕು ಎಂದರು. ಒಂದು ಬಾಟಲಿ ಹನಿಯೌಷಧವನ್ನೂ ಕೊಟ್ಟರು. "ಒಂದೇ ದಿನಕ್ಕೆ ಹೋಗೋದಲ್ಲ. ಪೂರ್ತಿ ಹೋಗದೆಯೂ ಇರಬಹುದು. ಹಿಡಿತದಲ್ಲಿ ಇಟ್ಕೊಂಡ್ರೆ ಕಣ್ಣಿಗೆ ಭಯವಿಲ್ಲ."

ಬಸ್ಸು ಮಾದಾಪುರ ದಾಟುವಾಗ ಜವರಪ್ಪ ಔಷಧದ ಬಾಟಲಿಯನ್ನು ಜೇಬಿನಿಂದ ತೆಗೆದು ನೋಡಿದ. ಪೊರೆಯ ಭಯ ಹೋದ ಜಾಗದಲ್ಲಿ ಇನ್ನೊಂದು ಬಂದು ಕುಳಿತಿತ್ತು. "ಕಣ್ಣು ಮುಚ್ಚಿದಾಗಲೇ ಬೆಳಕು ಹೋದ್ರೆ? ಅದೂ ಸಾವ್ಕಾರ್ರು ಪಕ್ಕದಲ್ಲೇ ನಿಂತಿರುವಾಗ?"

"ಮೊನ್ನೆ ನಾನು ತಗಡು ಬಡಿದಿದ್ದು ಯಾಕೆ ಅಂದ್ಕೊಂಡ್ರಿ?"

ಅವನು ಅವಳ ಕಡೆ ತಿರುಗಿದ. "ಹೌದಲ್ಲ. ಗೇಟಲ್ಲಿ ಕೂತೋಳಿಗೆ ಪರದೆ ಕಾಣಲ್ಲ. ಹೆಂಗೆ ಗೊತ್ತಾಯ್ತು?"

"ನಿಮ್ಮ ಕ್ಯಾಬಿನ್ನಿಗೆ ಬೆನ್ನು ಕೊಟ್ಕೊಂಡೇ ಕೂರ್ತೀನಲ್ಲ. ಕಡ್ಡಿ ಸರಿಯಾಗಿದ್ದಾಗ ಸುಂಯ್ ಅಂತಿರುತ್ತೆ. ದೂರ ಆಗ್ತಾ ಬಂದ್ರೆ ಸೀಯೋ ಥರ ಚಟಪಟ ಅನ್ನುತ್ತೆ. ಕತ್ತಲಾಗೋದು ಆಮೇಲೆ. ನೀವು ಯಾವತ್ತೂ ಕೇಳಿಸ್ಕೊಂಡಿಲ್ಲ, ಬರೀ ನೋಡ್ತೀರಿ."

ಶನಿವಾರ ಉತ್ತಯ್ಯ ಹೇಳಿದ ಹಾಗೇ ಕ್ಯಾಬಿನ್ನಿನ ಬಾಗಿಲಿಗೆ ಒರಗಿ ನಿಂತ. ಫ್ಯಾನು ಗೋಡೆಗೆ ಮುಖ ಮಾಡಿ ತಿರುಗುತ್ತಿತ್ತು. ಡಾಕ್ಟರಮ್ಮ ಹೇಳಿದ್ದನ್ನು ಜವರಪ್ಪ ಒಂದೂ ಬಿಡದೆ ಅವನಿಗೆ ತಿಳಿಸಿದ್ದ. ಮುಚ್ಚಿಡುವುದು ಸರಿಯಲ್ಲ ಎನಿಸಿತ್ತು. ಹೇಳಿದ ಮೇಲೆ ಹೇಳಬಾರದಿತ್ತೇನೋ ಎಂದೂ ಎನಿಸಿತ್ತು.

ಮೊದಲ ರೀಲಿನುದ್ದಕ್ಕೂ ಅವನಿಗೆ ಧೈರ್ಯ ಬರಲಿಲ್ಲ. ಕಣ್ಣು ಉರಿಯತೊಡಗಿತು. ಎರಡನೆಯ ರೀಲಿನಲ್ಲಿ ಒಮ್ಮೆ ರೆಪ್ಪೆ ಬಡಿದ. ರಾಜ ಇದ್ದಲ್ಲೇ ಇದ್ದ. ಇನ್ನೊಮ್ಮೆ ಬಡಿದ.

ಆಮೇಲೆ ಕಣ್ಣು ಮುಚ್ಚಿಯೇಬಿಟ್ಟ.

"ಏ, ಎಂತ ಮಾಡ್ತಿದ್ದೀಯ?" ಉತ್ತಯ್ಯ ಬಾಗಿಲು ಬಿಟ್ಟು ಮುಂದೆ ಬಂದ.

ಜವರಪ್ಪ ಕೈಯೆತ್ತಿ ಸುಮ್ಮನಿರಿ ಎಂಬಂತೆ ಸನ್ನೆ ಮಾಡಿದ. ಯಜಮಾನನಿಗೆ ಹಾಗೆ ಮಾಡಿದ್ದು ಇದೇ ಮೊದಲು. ರೀಲಿನ ಕಟಕಟದ ಆಚೆ, ಹೊರಗಿನ ಕರೆಂಟಿನ ಎಂಜಿನ್ನಿನ ಗುಡುಗುಡುವಿನ ಆಚೆ, ಸಣ್ಣಗೆ ಸುಂಯ್ ಎಂಬ ಸದ್ದಿತ್ತು. ಕೇಳುತ್ತಾ ನಿಂತ. ಎಲ್ಲೋ ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಒಂದು ಚಟ್ ಕೇಳಿಸಿತು. ಬೆರಳು ತಾನಾಗಿ ತಿರುಪನ್ನು ಹಿಡಿದು ಮೆಲ್ಲಗೆ ತಿರುಗಿಸಿತು. ಸುಂಯ್ ಮರಳಿ ಬಂತು.

ಟೆಂಟಿನಲ್ಲಿ ಯಾರೂ ಕೂಗಲಿಲ್ಲ. ಉತ್ತಯ್ಯ ಕಿಂಡಿಯಲ್ಲಿ ಬಗ್ಗಿ ಪರದೆಯನ್ನು ಒಮ್ಮೆ, ಜವರಪ್ಪನ ಮುಚ್ಚಿದ ಕಣ್ಣುಗಳನ್ನು ಒಮ್ಮೆ ನೋಡಿದ. ಮತ್ತೆ ಪರದೆ ನೋಡಿದ. ಕೊನೆಗೆ, "ಸೋಮವಾರಪೇಟೆ ಕ್ಯಾಬಿನ್ನಿಗೆ ಫ್ಯಾನು ಎಲ್ಲಿ ಇಡ್ಸೋದು ಅಂತ ಆಮೇಲೆ ಹೇಳು" ಎಂದು ತನ್ನ ಕುರ್ಚಿಯ ಕಡೆ ಹೊರಟ.

ಪರದೆಯ ಮೇಲೆ ವಿದೂಷಕ ಏನೋ ಅಂದಿರಬೇಕು, ನೆಲ, ಬೆಂಚು, ಕುರ್ಚಿಗಳೆಲ್ಲ ಒಟ್ಟಿಗೆ ನಕ್ಕವು. ಮುಚ್ಚಿದ ರೆಪ್ಪೆಗಳ ಒಳಗೆ ಜವರಪ್ಪನಿಗೆ ತಣ್ಣಗೆ ಒದ್ದೆಯಾದಂತಾಯಿತು. ತಗಡಿನ ಆಚೆ ಹೊನ್ನಮ್ಮನ ಬಳೆಗಳು ಒಮ್ಮೆ ಸದ್ದು ಮಾಡಿದವು. ಅವನು ಕಾದ. ಅವಳು ತಗಡು ಬಡಿಯಲಿಲ್ಲ.