ಅದಲುಬದಲು

ಮಗಳು ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತಳು. ಹೊರಗಿದ್ದವಳು ಸತ್ತವಳ ಒಡಹುಟ್ಟಿದ ತಂಗಿ, ಎರಡು ಬಸ್ಸು ಬದಲಿಸಿ ಬಂದವಳು.

"ಅಜ್ಜಿ ನಿಮ್ಮನೇಲಿ ಸತ್ತಾಗ ಮಾರನೇ ದಿನ ಹೇಳಿ ಕಳಿಸಿದ್ರಿ ಚಿಕ್ಕಮ್ಮ. ಅಮ್ಮ ಬರೋಷ್ಟರಲ್ಲಿ ಎಲ್ಲಾ ಮುಗಿದೋಗಿತ್ತು. ಈಗ ಅಮ್ಮನ ಮುಖ ನಿಮಗ್ಯಾಕೆ?"

ಹೆಣ ಎತ್ತಲು ಬಂದವರು ಎದುರು ಗೋಡೆಯ ನೆರಳಿಗೆ ಸರಿದು, ಹೊತ್ತಾಯಿತೆಂದು ಗೊಣಗಿಕೊಂಡರು. ಇಂಥ ಜಗಳವನ್ನು ಒಂದೇ ಸಂಜೆಯಲ್ಲಿ ಬಗೆಹರಿಸುತ್ತಿದ್ದವಳು ಒಳಗೆ ಚಾಪೆಯ ಮೇಲೆ ತಣ್ಣಗೆ ಮಲಗಿದ್ದಳು.

*

ಅವಳು ದರ್ಜಿ. ಆ ಬೀದಿಯಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ನಡೆದುಬಂದ ಅದಲುಬದಲು ಆಟ ಆಡಿಸುತ್ತಿದ್ದವಳೂ ಅವಳೇ. ಜಗಳವಾಡಿದ ಇಬ್ಬರು ಎಲ್ಲರೆದುರು ಅದೇ ಜಗಳವನ್ನು ಮತ್ತೆ ಆಡಬೇಕು. ಆದರೆ ಇವನ ಪಾತ್ರ ಅವನಿಗೆ, ಅವನದು ಇವನಿಗೆ. ಎದುರಾಳಿ ಆಡದ ಮಾತು ಬಾಯಿಗೆ ಬಂದರೆ ನೋಡುವವರು "ಸುಳ್ಳು" ಎನ್ನುತ್ತಾರೆ; ಮತ್ತೆ ಮೊದಲಿಂದ.

ನಲ್ಲಿಯ ಸರದಿಗಾಗಿ ಕೊಡ ಎಸೆದಾಡಿದ್ದ ಬಡಗಿಯನ್ನೂ ಇಸ್ತ್ರಿಯವನನ್ನೂ ಹೀಗೆ ಆಡಿಸಿದ್ದಳು. ಬಡಗಿಯ ನಾಲಿಗೆ ಅವನ ಉಳಿಗಿಂತ ಚೂಪು. ಏಳು ಸಲ ಸುಳ್ಳಾಡಿ ಸಿಕ್ಕಿಬಿದ್ದ. ಎಂಟನೇ ಸಲ, ಮನೆಯಲ್ಲಿ ಕೂಸಿಗೆ ಜ್ವರ, ಒಂದು ಕೊಡ ಬಿಡು ಎಂದು ಇಸ್ತ್ರಿಯವನಾಗಿ ಬೇಡುವಾಗ ತಾನೇ ಅತ್ತುಬಿಟ್ಟ.

ತನ್ನ ಜಗಳವನ್ನು ಮಾತ್ರ ಅವಳು ಆಟಕ್ಕೆ ತರಲಿಲ್ಲ. ದೀಪದ ಬುಡ ಕತ್ತಲೆ. ಅಜ್ಜಿ ಸತ್ತು ವಾರಕ್ಕೆ ತಂಗಿ ಇದೇ ಬಾಗಿಲಿಗೆ ಬಂದು, ಗಾಬರಿಯಲ್ಲಿ ಕೈಕಾಲೇ ಆಡಲಿಲ್ಲ ಅಕ್ಕ, ತಪ್ಪಾಯಿತು ಎಂದಿದ್ದಳು. ಅವಳು ಚಿಲಕ ಹಾಕಿಕೊಂಡಳು. ಆಮೇಲೆ ಹನ್ನೊಂದು ವರ್ಷ ಮಾತಿಲ್ಲ.

*

"ಆಡ್ಸೋಣ," ಎಂದ ಹೆಣ ಎತ್ತಲು ಬಂದಿದ್ದ ಬಡಗಿ. "ಅವತ್ತು ಈ ಬಾಗಿಲಲ್ಲಿ ನಡೆದಿದ್ದನ್ನೇ. ಚಿಕ್ಕಮ್ಮ ನಿಮ್ಮಮ್ಮ ಆಗ್ಲಿ. ನೀನು ಚಿಕ್ಕಮ್ಮ ಆಗು."

ಹೆಣದ ಮುಂದೆ ನಾಟಕವೇ ಎಂದು ಮಗಳು ಸಿಡುಕಿದಳು. ಆದರೆ ಅಮ್ಮ ಯಾರಿಗೂ ಆಟದಿಂದ ವಿನಾಯಿತಿ ಕೊಟ್ಟವಳಲ್ಲ. ಇವತ್ತು ಒಲ್ಲೆ ಎನ್ನಲು ಮಗಳಿಗೆ ಬಾಯಿ ಬರಲಿಲ್ಲ. ಅಕ್ಕನ ಪಾತ್ರ ಮನೆಯೊಳಗೆ, ತಂಗಿಯದು ಹೊರಗೆ. ಮಗಳು ಬೀದಿಗಿಳಿದಳು, ಚಿಕ್ಕಮ್ಮ ಒಳಗೆ ಹೋದಳು.

ಈಗ ಚಿಕ್ಕಮ್ಮ 'ಕ್ಷಮಿಸಿದೆ' ಎಂದುಬಿಡುತ್ತಾಳೆ, ಸತ್ತವಳ ಬಾಯಿಂದ ತನಗೆ ಬೇಕಾದ್ದನ್ನು ಆಡಿಸಿಕೊಳ್ಳುತ್ತಾಳೆ. ಸುಳ್ಳು ಎನ್ನಲು ಮಗಳು ಕಾದು ನಿಂತಳು.

ಚಿಕ್ಕಮ್ಮ ಚಾಪೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬಾಗಿಲ ಕಡೆ ತಿರುಗಿ ಥೇಟು ಅಕ್ಕನ ಗಡಸು ದನಿಯಲ್ಲಿ ಹೇಳಿದಳು: "ಕೊನೇ ಸಲ ಅಮ್ಮನ ಮುಖ ನೋಡೋಕೂ ಬಿಡ್ಲಿಲ್ಲ ನೀನು. ನಾನು ಸತ್ರೂ ಈ ಮನೆಗೆ ಬರ್ಬೇಡ."

ಬಾಗಿಲು ಮುಚ್ಚಿತು. ಒಳಗೆ ಚಿಲಕ ಬಿತ್ತು.

ಯಾರೂ ಸುಳ್ಳು ಎನ್ನಲಿಲ್ಲ. ಅಂದು ಮನೆಯೊಳಗೇ ಇದ್ದು ಈ ಮಾತು ಕೇಳಿಸಿಕೊಂಡಿದ್ದ ಮಗಳಿಗೂ ಎನ್ನಲಾಗಲಿಲ್ಲ. ಚಿಕ್ಕಮ್ಮ ಅವತ್ತು ಸಂಜೆಯವರೆಗೂ ಬಾಗಿಲು ಬಡಿದಿದ್ದಳು. ಈಗ ಆ ಸರದಿ ಇವಳದು. ಬೀದಿಯೆಲ್ಲ ನೋಡುತ್ತಿತ್ತು. ಅವಳು ತನ್ನದೇ ಮನೆಯ ಬಾಗಿಲನ್ನು ಮೊದಲು ಬೆರಳಿಂದ ತಟ್ಟಿದಳು, ಆಮೇಲೆ ಎರಡೂ ಅಂಗೈಯಿಂದ ಬಡಿದಳು.

"ಅಕ್ಕಾ," ಎಂದಳು. "ಒಂದೇ ಒಂದ್ಸಲ ಮುಖ ತೋರ್ಸು."