ಶನಿವಾರದ ಅಹವಾಲು

ಕಮಲಾಪುರದ ಹಳೇ ಊರಿನಲ್ಲಿ ಹನುಮಪ್ಪನಿಗೆ ಯಾರೂ ನೇರವಾಗಿ ದೂರು ಹೇಳುವುದಿಲ್ಲ. ಅಜ್ಜ ಮುತ್ತಜ್ಜರಿಂದ ಬಂದ ರೂಢಿ ಅದು. ಶನಿವಾರ ಹೊತ್ತೇರುವ ಮುಂಚೆ ಗುಡಿಯ ಕಟ್ಟೆಗೆ ಬರಬೇಕು. ಮಡಿಯುಟ್ಟು ಕೂತ ಪೂಜಾರಿಯಿಂದ ಎರಡು ಮೊಳ ದೂರ ಕೂಡಬೇಕು. ಬಾಯಿಗೆ ಸೆರಗೋ ವಲ್ಲಿಯೋ ಅಡ್ಡ ಹಿಡಿದು, ಮನಸ್ಸಿನಲ್ಲಿ ಇದ್ದದ್ದನ್ನು ಮೆಲ್ಲಗೆ ಹೇಳಬೇಕು. ಪೂಜಾರಿ ಒಳಗೆ ಹೋಗಿ, ಬಾಗಿಲು ಅರ್ಧ ಮುಂದೆ ಮಾಡಿ, ಅದನ್ನೇ ದೇವರ ಕಿವಿಗೆ ಹಾಕುತ್ತಾನೆ. ಊರು ಅದನ್ನು ಅಹವಾಲು ಎನ್ನುತ್ತದೆ. ಹೇಳಿದ್ದು ನೆರವೇರಿದರೆ ದೇವರ ದಯೆ. ನೆರವೇರದಿದ್ದರೂ ಕೇಳಿಸಿಕೊಂಡವರೊಬ್ಬರು ಇದ್ದರಲ್ಲ ಎಂಬುದೇ ಒಂದು ಸಮಾಧಾನ.

ಬಂಡಾಚಾರ್ಯರು ಮೂವತ್ತೊಂದು ವರ್ಷ ಆ ಕಟ್ಟೆಯ ಮೇಲೆ ಕೂತು ಕೇಳಿದವರು. ಹಾಳು ಬಾವಿಗೆ ಬಿದ್ದ ಕೊಡದ ಹಾಗೆ, ಅವರ ಹೊಟ್ಟೆಗೆ ಹೋದ ಗುಟ್ಟು ಮೇಲೆ ಬಂದದ್ದಿಲ್ಲ. ಹೆಂಡತಿ ಸಕ್ಕೂಬಾಯಿ ಎಷ್ಟು ಕೆದಕಿದರೂ, "ಅದು ನನ್ನ ಮಾತಲ್ಲ, ಹನುಮಪ್ಪಂದು. ಅವನ್ನೇ ಕೇಳು" ಎಂದು ಊಟಕ್ಕೆ ಏಳುತ್ತಿದ್ದರು.

ಐವತ್ತು ದಾಟಿದ ಮೇಲೆ ಕಿವಿ ಮಂದವಾಯಿತು. ಎರಡು ಸಾವಿರದ ನಾಲ್ಕರ ದಸರೆಗೆ, ಕೂಡಿಟ್ಟದ್ದನ್ನೆಲ್ಲ ಬಳಿದು, ಕಲಬುರಗಿಯಲ್ಲಿ ಸಿಕಂದರನ ಅಂಗಡಿಯಿಂದ ಒಂದು ಕಿವಿ ಮಿಷನ್ ತಂದರು. ಹುಣಸೆ ಬೀಜದಷ್ಟು ಸಣ್ಣದು. ಹಾಕಿಕೊಂಡ ದಿನ ಅವರಿಗೆ ಕೇಳಿದ ಮೊದಲ ಸದ್ದು ತುಳಸಿ ಕಟ್ಟೆಯ ಮೇಲೆ ಗುಬ್ಬಿ ಕಾಳು ಕುಕ್ಕಿದ್ದು. ಕಣ್ಣಲ್ಲಿ ನೀರು ಬಂತು.

ಆದರೆ ಒಂದು ಅಳುಕು. ಎಲ್ಲೋ ತಯಾರಾಗಿ, ಎಷ್ಟೋ ಕೈ ದಾಟಿ ಬಂದ ವಸ್ತು; ಅದನ್ನು ಹಾಗೇ ಗರ್ಭಗುಡಿಯೊಳಗೆ ಒಯ್ಯುವುದು ಹೇಗೆ? ಬಿಟ್ಟು ಹೋದರೆ ಕೇಳಿಸುವುದಿಲ್ಲ, ಹಾಕಿಕೊಂಡು ಹೋದರೆ ಮಡಿ ಕೆಡುತ್ತದೆ. ಕಡೆಗೆ ತಮಗೆ ತಾವೇ ಒಂದು ದಾರಿ ಮಾಡಿಕೊಂಡರು. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಮಿಷನ್ನನ್ನು ಹರಿವಾಣದಲ್ಲಿಟ್ಟು, ತುಳಸಿ ಎಲೆಯನ್ನು ತೀರ್ಥದಲ್ಲಿ ಅದ್ದಿ ಮೂರು ಹನಿ ಪ್ರೋಕ್ಷಣೆ ಮಾಡಿ, ಕಿವಿಗೆ ಹಾಕಿಕೊಳ್ಳುವುದು. ಮೂರೇ ಹನಿ. ಹತ್ತು ತಿಂಗಳು ಒಂದು ದಿನವೂ ತಪ್ಪಲಿಲ್ಲ.

ಎರಡು ಸಾವಿರದ ಐದನೆಯ ಇಸವಿ, ಶ್ರಾವಣದ ಎರಡನೇ ಶನಿವಾರ, ಯಾರೋ ಅಹವಾಲು ಹೇಳುತ್ತಿದ್ದಾಗಲೇ ಮಿಷನ್ ಒಮ್ಮೆ ಕುಂಯ್ ಎಂದು ಸುಮ್ಮನಾಯಿತು.

ಸೋಮವಾರ ಆಚಾರ್ಯರು ಕೆಂಪು ಬಾಳೆಯ ಒಂದು ಚಿಪ್ಪು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು. ಶರಣಬಸವೇಶ್ವರ ಗುಡಿಯ ಹಾದಿಯಲ್ಲಿ ಸಿಕಂದರನ ಅಂಗಡಿ. ಚಷ್ಮಾ, ಕಿವಿ ಮಿಷನ್ನು, ಎರಡೂ ಅಲ್ಲೇ. ಸಿಕಂದರ್ ಅವರನ್ನು ಕೂರಿಸಿ, ಕಿವಿಯ ಹತ್ತಿರ ಬಾಯಿಟ್ಟು ಕೂಗಿದ.

"ಮಹಾರಾಜ್, ಇದು ಇಲ್ಲಿ ರಿಪೇರಿ ಆಗಂಗಿಲ್ಲ!"

"ಮ್ಯಾಲಿನ ಮನಿ ಮಥುರಾಬಾಯಿದು ಹೋದ ವರ್ಷ ನೀವೇ ಮಾಡಿಕೊಟ್ಟಿರಿ."

"ಅದು ಹೋದ ವರ್ಷದ ಮಾತ್ರೀ. ನನ್ನ ಕೈಲಿ ಆಗದಿದ್ರ ಹೈದರಾಬಾದಿನಾಗ ಕಂಪನಿ ಮಿಸ್ತ್ರಿ ಇದ್ದ, ಎಂಟು ದಿನದಾಗ ವಾಪಸ್ ಬರ್ತಿತ್ತು. ಈಗ ಅವನ್ನ ತೆಗದು, ರಿಪೇರಿ ಎಲ್ಲಾ ಮಲೇಷ್ಯಾಕ್ಕ ಗುತ್ತಿಗಿ ಕೊಟ್ಟಾರ."

"ಎಲ್ಲಿಗೆ?"

"ಮಲೇಷ್ಯಾ! ಸಮುದ್ರದ ಆಚಿ ಕಡಿ!"

"ಎಷ್ಟು ದಿನ?"

"ಮೂರು ವಾರ ಅಂತಾರ."

ಸಿಕಂದರ್ ಒಂದು ಫಾರ್ಮು ತೆಗೆದು ತುಂಬತೊಡಗಿದ. ಹೆಸರು, ಊರು, ಕೊಂಡ ತಾರೀಖು. ಒಂದು ಕಡೆ ಪೆನ್ನು ನಿಂತಿತು. "ಮಿಷನ್ನಿಗೆ ನೀರು ತಾಕ್ಯಾದೇನು ಅಂತ ಕೇಳ್ಯಾರ. ಇಲ್ಲ ಅಂತ ಬರೀತೀನಿ."

"ನೀರಲ್ಲ, ತೀರ್ಥ. ದಿನಾ ಮೂರು ಹನಿ."

ಸಿಕಂದರನ ಕೈಯಿಂದ ಪೆನ್ನು ಬೀಳುವುದೊಂದು ಬಾಕಿ. "ಯಾ ಅಲ್ಲಾ! ಆಚಾರ್ರೇ, ಇದೇನು ಸಾಲಿಗ್ರಾಮ ಏನ್ರಿ, ದಿನಾ ಅಭಿಷೇಕ ಮಾಡ್ಲಿಕ್ಕೆ? ಹೌದು ಅಂತ ಬರದ್ರ ಅವರು ಮುಟ್ಟಂಗೇ ಇಲ್ಲ. ವಾರಂಟಿ ಖತಂ."

"ಹಂಗಂತ ಸುಳ್ಳು ಬರೀಬ್ಯಾಡ್ರಿ. ಆ ಮಿಷನ್ ಹಾಕ್ಕೊಂಡು ನಾನು ಮಂದಿ ಖರೇ ಕೇಳಬೇಕಾಗ್ಯಾದ."

ಸಿಕಂದರ್ ಮೇಲೆ ನೋಡಿದ, ಕೆಳಗೆ ನೋಡಿದ. ಹೌದೂ ಬರೆಯಲಿಲ್ಲ, ಇಲ್ಲವೂ ಬರೆಯಲಿಲ್ಲ. ಆ ಜಾಗ ಖಾಲಿ ಬಿಟ್ಟು ಪೊಟ್ಟಣ ಕಟ್ಟಿದ.

ಮೂರು ವಾರ ಹೋಯಿತು. ಗಣಪತಿ ಬಂದು ಹೋದ, ಪಿತೃಪಕ್ಷವೂ ಬಂತು. ಐದನೇ ವಾರ ಮುಂಬೈಯಿಂದ ಸಿಕಂದರನ ಅಂಗಡಿಗೆ ಒಂದು ಇಂಗ್ಲಿಷ್ ಕಾಗದ ಬಂತು: ಫಾರ್ಮಿನಲ್ಲಿ ಒಂದು ಜಾಗ ಖಾಲಿ ಇದೆ, ತುಂಬಿ ಕಳಿಸಿರಿ, ಅಲ್ಲಿಯವರೆಗೆ ಮಿಷನ್ ಹಾಗೇ ಇಟ್ಟಿರುತ್ತೇವೆ. ಸಿಕಂದರ್ ಅದಕ್ಕೂ ಹೌದು ಇಲ್ಲ ಬರೆಯದೆ ಮೇಜಿನ ಖಾನೆಗೆ ಹಾಕಿದ.

ಅಷ್ಟರಲ್ಲಿ ಕಟ್ಟೆಯ ಮೇಲಿನ ಶನಿವಾರಗಳು ಕೆಟ್ಟುಹೋಗಿದ್ದವು. ಎರಡು ಮೊಳ ದೂರದಿಂದ ಪಿಸುಗುಟ್ಟಿದ್ದು ಆಚಾರ್ಯರಿಗೆ ಮುಟ್ಟದು. ಮುಟ್ಟುವಷ್ಟು ಹತ್ತಿರ ಬರಲು ಮಡಿ ಬಿಡದು. "ಜೋರು ಹೇಳ್ರಿ" ಎಂದು ಅವರು ಅನ್ನುವುದು, ಬಂದವರು ಸುತ್ತ ನೋಡಿ ಒಂದಿಷ್ಟು ಧ್ವನಿ ಏರಿಸುವುದು, "ಇನ್ನೂ ಜೋರು" ಎಂದು ಇವರು ಅನ್ನುವುದು. ದತ್ತಪ್ಪ ತನ್ನ ಮೂಲವ್ಯಾಧಿಯ ಸಂಗತಿ ಕೂಗಿ ಹೇಳಿ, ಬಸ್ ಸ್ಟ್ಯಾಂಡಿನ ತನಕ ನಗೆಪಾಟಲಾದ. ಅದನ್ನು ನಕ್ಕು ಮರೆಯಬಹುದಿತ್ತು. ನಜ್ಮಾಳದ್ದು ಹಾಗಲ್ಲ.

ನಜ್ಮಾ ಓಣಿಯಾಚೆಯ ಬಳೆಗಾರ್ತಿ. ವರ್ಷಕ್ಕೆ ಎರಡು ಸಲವಾದರೂ ಕಟ್ಟೆಯ ಕೆಳಗೆ ನಿಂತು ಏನಾದರೂ ಹೇಳಿ ಹೋಗುವವಳು. ಮಗಳು ಲತೀಫಾಳನ್ನು ಗಾಜಿಪುರಕ್ಕೆ ಕೊಟ್ಟಿದ್ದಳು. ಅಳಿಯ ಜಹಾಂಗೀರ್ ಆರು ತಿಂಗಳಿಂದ ಮಗಳನ್ನು ತವರಿಗೆ ಕಳಿಸಿರಲಿಲ್ಲ. ಆ ಶನಿವಾರ ಅದನ್ನು ಮೂರು ಸಲ ಮೆಲ್ಲಗೆ ಹೇಳಿದಳು. ನಾಲ್ಕನೆಯ ಸಲ ಸಂಕಟ ತಡೆಯದೆ ಕೂಗಿಯೇಬಿಟ್ಟಳು: "ನಮ್ಮ ಅಳಿಯಾ ಹುಡುಗಿ ಮ್ಯಾಲೆ ಕೈ ಮಾಡಾಕತ್ತಾನ್ರೀ, ಆಚಾರ್ರೇ!"

ಎದುರಿನ ಚಹಾದಂಗಡಿಯಲ್ಲಿ ಕೂತವರ ಕೈಯಲ್ಲಿ ಬಶಿ ಹಾಗೇ ನಿಂತವು. ಅವರಲ್ಲಿ ಒಬ್ಬ ಜಹಾಂಗೀರನ ಸೋದರಮಾವ. ಮಾತು ಸಂಜೆಯ ಬಸ್ಸಿಗೇ ಗಾಜಿಪುರ ಮುಟ್ಟಿತು. ಊರೆಲ್ಲ ನಮ್ಮ ಮರ್ಯಾದೆ ಕಳೆದರೆಂದು ಬೀಗರು ಸಿಟ್ಟಾದರು. ಇನ್ನು ನಜ್ಮಾ ಹೋದರೂ ಮಗಳ ಮುಖ ತೋರಿಸುವುದಿಲ್ಲವೆಂದರು.

ಮುಂದಿನ ಶನಿವಾರ ಕಟ್ಟೆಗೆ ನಾಲ್ಕು ಮಂದಿ ಬಂದರು, ಅದರ ಮುಂದಿನ ವಾರ ಒಬ್ಬ. ಆಮೇಲೆ ಯಾರೂ ಇಲ್ಲ. ಮಡಿಯುಟ್ಟು ಬರಿದೇ ಕೂತ ಆಚಾರ್ಯರಿಗೆ ದೇವರ ಮುಖ ನೋಡಲು ನಾಚಿಕೆಯಾಗುತ್ತಿತ್ತು. ನನ್ನ ಕಿವಿ ಹೋದದ್ದಕ್ಕೆ ಅಲ್ಲ ದುಃಖ, ಊರಿನ ಬಾಯಿ ಕಟ್ಟಿತಲ್ಲ ಎಂದು.

ಕಾರ್ತೀಕದಲ್ಲಿ ಮತ್ತೆ ಕಲಬುರಗಿಗೆ ಹೋದರು. ಈ ಸಲ ಬಾಳೆಹಣ್ಣು ಒಯ್ಯಲಿಲ್ಲ.

"ಸಿಕಂದರ ಸಾಹೇಬ, ನಮ್ಮ ಹನುಮಪ್ಪ ಸಮುದ್ರ ಜಿಗದು, ಸೀತಾಮಾತೆ ಸುದ್ದಿ ತಗೊಂಡು, ಊರು ಸುಟ್ಟು ಹೊಳ್ಳಿ ಬಂದ. ನಿಮ್ಮ ಮಿಷನ್ನಿಗೆ ಮೂರು ತಿಂಗಳಾತು!"

"ನನ್ನ ಮ್ಯಾಲ ಯಾಕ ಸಿಟ್ಟು ಮಾಡ್ತೀರಿ? ಮಿಷನ್ ಮಲೇಷ್ಯಾದಾಗ, ಫೋನ್ ಎತ್ತೋರು ಮನಿಲಾದಾಗ, ಕಾಗದ ಮುಂಬೈದಾಗ. ಬೈಗುಳ ಮಾತ್ರ ನನಗ ಕಲಬುರಗಿದಾಗ. ಹನ್ನೊಂದು ಮಂದೀದು ಹೋಗ್ಯಾವ್ರಿ, ಒಂದೂ ಬಂದಿಲ್ಲ. ಬರ್ರಿ, ನಿಮ್ಮ ಮುಂದೇ ಹಚ್ಚತೀನಿ."

ಸಿಕಂದರ್ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿದ. ಎಲ್ಲರಿಗೂ ಎಂದರೆ ಆಚಾರ್ಯರನ್ನು ಬಿಟ್ಟು. ಮೊದಲು ಸಂಗೀತ ಬಂತು. ಆಮೇಲೆ ಒಂದು ಒತ್ತಿರಿ, ಎರಡು ಒತ್ತಿರಿ. ಮತ್ತೆ ಸಂಗೀತ. ಅಂಗಡಿಯ ಮುಂದೆ ಬೆಳಗಿನ ಕಾಲೇಜಿನ ಹುಡುಗಿಯರು ಹೋದವರು ಮನೆಗೆ ತಿರುಗಿದರು, ಸಂಗೀತ ಮುಗಿಯಲಿಲ್ಲ. ಆಮೇಲೆ ಒಂದು ಹೆಣ್ಣು ಧ್ವನಿ, ಇಂಗ್ಲಿಷಿನಲ್ಲಿ, ಬಲು ನಯವಾಗಿ. ಸಿಕಂದರ್ ತನಗೆ ಬಂದಷ್ಟು ಇಂಗ್ಲಿಷ್ ಹೊಡೆದ. ಕಡೆಗೆ ಫೋನಿನ ಬಾಯಿ ಮುಚ್ಚಿ, ಆಚಾರ್ಯರ ಕಿವಿಗೆ ಕೂಗಿದ:

"ಗಿರಾಕೀನೇ ಖುದ್ದು ಮಾತಾಡಬೇಕಂತ!"

"ಅಕೀಗೆ ಹೇಳ್ರಿ, ಗಿರಾಕಿಗೆ ಕೇಳಸೂದಿಲ್ಲ, ಅದಕ್ಕೇ ಗಿರಾಕಿ ಆಗ್ಯಾನ ಅಂತ!"

"ಹೇಳಿದೆ. ನಿಯಮ ಅಂತಾಳ."

ಸಿಕಂದರ್ ಹಣೆ ಒರೆಸಿಕೊಂಡು, ಗಂಟಲು ಸರಿಮಾಡಿ, ತಾನೇ ಬಂಡಾಚಾರ್ಯನಾದ. ಆಕೆ ಹುಟ್ಟಿದ ತಾರೀಖು ಕೇಳಿದಳು. ಸಿಕಂದರ್ ಕೈಸನ್ನೆ ಮಾಡಿ ಕೇಳಿದ.

"ಸರ್ವಧಾರಿ ಸಂವತ್ಸರ, ವೈಶಾಖ ವದ್ಯ ದಶಮಿ. ರಜಾಕಾರರ ಗದ್ದಲದ ವರ್ಷ."

"ತಾರೀಖ್ರೀ, ತಾರೀಖು!"

"ತಾರೀಖು ಯಾರು ಬರದಿಟ್ಟಾರ? ಅವತ್ತು ನಮ್ಮವ್ವ ಗಾಡ್ಯಾಗ ಸೊಲ್ಲಾಪುರದ ದಾರಿ ಹಿಡದಿದ್ಲು."

ಸಿಕಂದರ್ ಸಾಲೆಯ ಲೆಕ್ಕದಂತೆ ಜೂನ್ ಒಂದು ಎಂದ. ತಪ್ಪು. ಮಿಷನ್ ಕೊಂಡ ದಿನ ತಾನೇ ಏನೋ ಒಂದು ಬರೆದದ್ದು ನೆನಪಾಗಿ, ಜನವರಿ ಒಂದು ಎಂದ. ಅದು ಕೂಡಿತು. ಆಗ ಆಕೆ, ಖಾಲಿ ಬಿಟ್ಟ ಆ ಪ್ರಶ್ನೆಯನ್ನೇ ಕೇಳಿದಳು.

ಸಿಕಂದರ್ ಆಚಾರ್ಯರ ಮುಖ ನೋಡಿದ. ಅವರಿಗೆ ಪ್ರಶ್ನೆ ಕೇಳಿಸಿರಲಿಲ್ಲ, ಆದರೆ ಆ ನೋಟ ತಿಳಿಯಿತು. ಹಟಮಾರಿ ಎಂದರೆ ಹಟಮಾರಿ. ಒಂದು ಸುಳ್ಳಿಗೆ ಶನಿವಾರಗಳೆಲ್ಲ ಹೊಳ್ಳಿ ಬರಬಹುದಿತ್ತು. ನಜ್ಮಾಳ ಮುಖ ಕಣ್ಣ ಮುಂದೆ ಬಂತು. ಆದರೂ ಕೈಯೆತ್ತಿ ಮೂರು ಬೆರಳು ತೋರಿಸಿದರು. "ಮೂರು ಹನಿ. ದಿನಾ. ಹೇಳ್ರಿ."

ಸಿಕಂದರ್ ಹೇಳಿದ. ಆ ಕಡೆ ಕೀಲಿಮಣೆ ಕುಟ್ಟಿದ ಸದ್ದು. ಮಿಷನ್ ಒಳಗೆ ನೀರು ಹೋಗಿದೆ, ರಿಪೇರಿ ಇಲ್ಲ, ಆರರಿಂದ ಎಂಟು ವಾರದಲ್ಲಿ ವಾಪಸು ಕಳಿಸುತ್ತೇವೆ, ತಾಳ್ಮೆಗೆ ವಂದನೆಗಳು. ಸಿಕಂದರ್ ಅದನ್ನು ಆಚಾರ್ಯರ ಕಿವಿಗೆ ಕೂಗಿದ.

"ಇಷ್ಟು ಹೇಳ್ಲಿಕ್ಕೆ ಮೂರು ತಿಂಗಳು!" ಎಂದರು ಆಚಾರ್ಯರು. "ಇಲ್ಲ ಅನ್ನೂದನ್ನ ಇಲ್ಲೇ ಕೂತು ನೀವೇ ಹೇಳಬಹುದಿತ್ತಲ್ಲ, ಸಿಕಂದರ!"

"ಹೇಳಿದ್ನಲ್ರೀ, ಮೊದಲ್ನೇ ದಿನಾನೇ!" ಎಂದು ಸಿಕಂದರ್ ಹಣೆ ಬಡಿದುಕೊಂಡ.

ಬಸ್ಸಿನಲ್ಲಿ ಹೊಳ್ಳಿ ಬರುವಾಗ ಆಚಾರ್ಯರ ಸಿಟ್ಟು ಯಾರ ಮೇಲೆ ಎಂಬುದೇ ಅವರಿಗೆ ಗೊತ್ತಾಗಲಿಲ್ಲ. ಮುಖ ಇಲ್ಲದವರ ಮೇಲೆ ಸಿಟ್ಟು ಮಾಡುವುದು ಗಾಳಿಗೆ ಕಲ್ಲು ಹೊಡೆದ ಹಾಗೆ. ಕೂತಲ್ಲೇ ನಿರ್ಧಾರ ಮಾಡಿದರು. ಬರುವ ಶನಿವಾರ ಹನುಮಪ್ಪನಿಗೆ ಹೇಳಿ, ಕಟ್ಟೆ ಬಿಡುವುದು. ಕೇಳಿಸದವನು ಕೂಡಬಾರದ ಜಾಗ ಅದು.

ಶನಿವಾರ ಮಡಿಯುಟ್ಟು ಗುಡಿಗೆ ಹೊರಟವರು, ಮರೆತ ತೀರ್ಥದ ತಂಬಿಗೆಗೆಂದು ಮನೆಗೆ ತಿರುಗಿದರು. ಹಿತ್ತಲ ಬಾಗಿಲಲ್ಲಿ ಚಪ್ಪಲಿಗಳ ಸಾಲು. ಒಳಗೆ ಸಕ್ಕೂಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ. ಹಿತ್ತಲ ಹೊಸ್ತಿಲಾಚೆ ನಜ್ಮಾ ಕೂತಿದ್ದಾಳೆ, ಅವಳ ಹಿಂದೆ ಇನ್ನೂ ಮೂವರು ಹೆಂಗಸರು, ದತ್ತಪ್ಪನೂ. ನಜ್ಮಾ ಸೆರಗು ಬಾಯಿಗೆ ಹಿಡಿದು ಏನೋ ಹೇಳುತ್ತಿದ್ದಾಳೆ. ಸಕ್ಕೂಬಾಯಿ ರೊಟ್ಟಿ ತಟ್ಟುತ್ತಲೇ ತಲೆಯಾಡಿಸುತ್ತಿದ್ದಾಳೆ.

"ಇದು ಎಷ್ಟು ದಿನದಿಂದ ನಡದದ?" ಎಂದರು ಆಚಾರ್ಯರು.

ಸಕ್ಕೂಬಾಯಿ ಮುಖ ಎತ್ತಿ, ತುಟಿ ಮಾತ್ರ ಆಡಿಸಿ ಹೇಳಿದಳು. ಮೂವತ್ತೈದು ವರ್ಷ ಆ ತುಟಿಗಳನ್ನು ನೋಡಿದವರು. ಅವರಿಗೆ ಒಂದಕ್ಷರವೂ ತಪ್ಪಲಿಲ್ಲ. "ಎರಡು ತಿಂಗಳಿಂದ್ರಿ. ಬಂದೋರ್ನ ಹೊರಗ ಹೋಗು ಅನ್ಲಿಕ್ಕೆ ಆಗ್ತದೇನು?"

"ಕೇಳಿ ಏನು ಮಾಡೀದಿ?"

"ಇಟ್ಕೊಂಡೀನಿ. ನೀವು ಕೇಳಿಲ್ಲ, ನಾ ಹೇಳಿಲ್ಲ."

ಆಚಾರ್ಯರಿಗೆ ಮೈಯೆಲ್ಲ ಉರಿಯಿತು. ಎರಡು ತಿಂಗಳ ಅಹವಾಲು ಒಲೆಯ ಬದಿಗೆ ಬಿದ್ದಿದೆ, ದೇವರಿಗೆ ಒಂದೂ ಮುಟ್ಟಿಲ್ಲ! "ಅಲ್ಲ, ಇಲ್ಲೂ ಅದೇ ಕಥಿಯೇನು? ಕಟ್ಟಿ ಮ್ಯಾಲಿನ ಕೆಲಸ ಅಡಿಗಿ ಮನಿಗೆ, ಅಡಿಗಿ ಮನಿಂದ ನನಗ, ನನ್ನಿಂದ ಅವನಿಗೆ. ಎಷ್ಟು ಕೈ ದಾಟಬೇಕು ಇವರ ಮಾತು?"

ನಜ್ಮಾ ಎದ್ದು ಹೋಗಲು ನೋಡಿದಳು. ಸಕ್ಕೂಬಾಯಿ ಹಿಟ್ಟಿನ ಕೈಯಿಂದಲೇ ಅವಳಿಗೆ ಕೂಡು ಎಂದು ಸನ್ನೆ ಮಾಡಿ, ಗಂಡನ ಕಡೆಗೆ ತಿರುಗಿದಳು. ಈ ಸಲ ತುಟಿ ನಿಧಾನವಾಗಿ ಆಡಿತು.

"ಲತೀಫಾ ಬಸರಿ ಇದ್ದಾಳ. ಕೂಸು ಹುಟ್ಟೂ ಮುಂಚೆ ಒಮ್ಮೆ ಮಗಳ ಮಾರಿ ನೋಡಬೇಕಂತ. ಬರೇ ಇಷ್ಟೇ. ಹೋಗಿ ಹೇಳ್ರಿ."

ಆಚಾರ್ಯರು ತಂಬಿಗೆ ಎತ್ತಿಕೊಂಡರು. ಕಟ್ಟೆ ಬಿಡುವ ಮಾತು ಆಡಲಿಲ್ಲ. ಆಮೇಲೆ ನಜ್ಮಾಳ ಕಡೆ ನೋಡಿ, "ಹೇಳ್ತೀನಿ ತಂಗಿ" ಎಂದು, ಬಾಗಿಲ ತನಕ ಹೋಗಿ, ಮತ್ತೆ ತಿರುಗಿ ಬಂದರು.

"ಆ ಹಿಂದಿನ ಮೂವರದ್ದೂ ಹೇಳು. ದತ್ತಪ್ಪಂದೂ. ಒಮ್ಮೆಗೇ ಒಯ್ಯತೀನಿ."

"ತಡೀರಿ, ಹಂಚಿನ ಮ್ಯಾಲ ರೊಟ್ಟಿ ಅದ."

ಆಚಾರ್ಯರು ಒದ್ದೆ ಪಂಚೆಯಲ್ಲೇ, ಬಾಗಿಲಿಗೆ ತಾಗದಂತೆ ನಿಂತು, ಗೊಣಗುತ್ತ ಗೊಣಗುತ್ತ, ಹೆಂಡತಿಯ ಮುಖವನ್ನೇ ನೋಡುತ್ತ ಕಾದರು.